ಕಸ್ತೂರೆವ್ವನ ಹೆಸರು ದುರ್ಬಲವೆಂದ ಪೆಂಗ್ವಿನ್ ಸಾಹೇಬರಿಗೆ

ಗೆ,
ಶ್ರೀಮಾನ್ ಪೆಂಗ್ವಿನ್ ಸಾಹೇಬರು,
ಲಿನಕ್ಸ್ ಸಂಸ್ಥಾನದ ಲಾಂಛನ ಹಾಗೂ ಆ ಸಂಸ್ಥಾನದಲ್ಲಿ ಕಣ್ಣಿಗೆ ಕಾಣುವ ಏಕೈಕ ಅಧಿಕಾರಿಗಳು,
ದಕ್ಷಿಣ ಧ್ರುವ.
ಸದ್ಯದ ಮುಕ್ಕಾಂ: ನಮ್ಮ ಪಡಸಾಲೆ, ಮಾಳಮಡ್ಡಿ, ಧಾರವಾಡ.

ವಿಷಯ: ನಮ್ಮ ಮನೆಯ ಕಂಪ್ಯೂಟರಿಗೆ ತಮ್ಮನ್ನು ಆರಿಸಿಕೊಂಡದ್ದು, ಆಮೇಲೆ ತಾವು ಆಡಿದ ಒಂದು ಮಾತು, ಆ ಮಾತನ್ನು ತಾವು ಹಿಂದಕ್ಕೆ ತೆಗೆದುಕೊಳ್ಳಬೇಕಾದದ್ದು.

ಮಾನ್ಯರೇ,

ತಮಗೂ, ಕಾಲ ಮೇಲೆ ಮೊಟ್ಟೆ ಇಟ್ಟುಕೊಂಡು ಹಿಮದಲ್ಲಿ ನಿಂತಿರುವ ತಮ್ಮ ಸಮಸ್ತ ಬಂಧು ಬಳಗಕ್ಕೂ ಧಾರವಾಡದಿಂದ ಶರಣು ಶರಣಾರ್ಥಿಗಳು. ಇಲ್ಲಿ ನಾನು ಕ್ಷೇಮವಾಗಿದ್ದೇನೆ, ಮಳೆ ಈ ವರ್ಷ ಹದವಾಗಿ ಆಗಿದೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ಮಾಡುತ್ತದೆ. ತಮ್ಮ ಕಡೆ ಥಂಡಿ ಜಾಸ್ತಿ ಎಂದು ಓದಿದ್ದೇನೆ. ಕಿವಿಗೆ ಮಫ್ಲರ್ ಕಟ್ಟಿಕೊಳ್ಳುವುದು ಒಳ್ಳೆಯದು, ಆದರೆ ತಮಗೆ ಕಿವಿ ಎಲ್ಲಿವೆ ಎಂಬುದು ಚಿತ್ರದಲ್ಲಿ ಸ್ಪಷ್ಟವಿಲ್ಲವಾದ್ದರಿಂದ ಆ ಸಲಹೆಯನ್ನು ತಮ್ಮ ವಿವೇಕಕ್ಕೆ ಬಿಟ್ಟಿದ್ದೇನೆ. ಇಂಥ ಪತ್ರವನ್ನು 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಬೇಕೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಬೆಗ್ ಮಾಡುವುದು ನನಗೆ ಈಗಲೂ ನೆನಪಿದೆ. ಸ್ಟೇಟ್ ಮಾಡುವ ಹೊತ್ತಿಗೆ ಮುಂದಿನ ಇಂಗ್ಲಿಷ್ ಕೈಕೊಡುತ್ತದೆ. ಆದ್ದರಿಂದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ, ತಾವು ಯಾರಿಂದಲಾದರೂ ಓದಿಸಿಕೊಳ್ಳಬೇಕು.

ಒಂದು ಹಕ್ಕಿಗೆ ಪತ್ರ ಬರೆಯುವ ಪ್ರಸಂಗ ಯಾಕೆ ಬಂತೆಂದರೆ, ತಮ್ಮ ಸಂಸ್ಥಾನದಲ್ಲಿ ಬೇರೆ ಯಾರೂ ಸಿಗಲಿಲ್ಲ. ಇದರ ಮಾಲೀಕರು ಯಾರೆಂದು ವಿಚಾರಿಸಿದಾಗ ಎಲ್ಲರೂ ಮಾಲೀಕರು ಎಂಬ ಉತ್ತರ ಬಂತು. ಎಲ್ಲರೂ ಮಾಲೀಕರಾದ ಕಡೆ ತಕರಾರನ್ನು ಕೂಡ ಎಲ್ಲರಿಗೂ ಕೊಡಬೇಕಾಗುತ್ತದೆ, ಅಷ್ಟು ಅಂಚೆ ಚೀಟಿ ನನ್ನಲ್ಲಿಲ್ಲ. ಅಷ್ಟರಲ್ಲಿ ತಮ್ಮ ಭಾವಚಿತ್ರ ಕಣ್ಣಿಗೆ ಬಿತ್ತು. ಕಪ್ಪು ಕೋಟು, ಬಿಳಿ ಅಂಗಿ, ಎರಡೂ ಕೈ ಇಳಿಬಿಟ್ಟು ಶಾಂತವಾಗಿ ಕೂತ ಭಂಗಿ; ನಮ್ಮ ಹೈಕೋರ್ಟಿನ ಎದುರು ಮಧ್ಯಾಹ್ನ ಚಹಾಕ್ಕೆ ಬಂದ ವಕೀಲರನ್ನೇ ಕಂಡ ಹಾಗಾಯಿತು. ಹೊಟ್ಟೆ ನೋಡಿದರೆ ಸೀನಿಯರ್ ವಕೀಲರೇ ಇರಬೇಕು. ಕಾನೂನು ತಿಳಿದವರಿಗೆ ಬರೆದರೆ ವ್ಯರ್ಥವಾಗಲಿಕ್ಕಿಲ್ಲ ಎಂಬ ನಂಬಿಕೆಯಿಂದ ಮುಂದುವರಿಯುತ್ತೇನೆ.

ನಾನು ರಾಜಶೇಖರ ಮೆಣಸಿನಕಾಯಿ, ಇಂಗ್ಲಿಷ್ ಐಚ್ಛಿಕ ವಿಷಯ ತೆಗೆದುಕೊಂಡು ಬಿ.ಎ. ಮಾಡಿದವನು, ಸೆಕೆಂಡ್ ಕ್ಲಾಸು. ಆ ಇಂಗ್ಲಿಷನ್ನು ಜೀವಮಾನವೆಲ್ಲ ಅಮರಗೋಳದ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಹತ್ತಿ ಮತ್ತು ಶೇಂಗಾದ ತೂಕ ಬರೆಯಲು ಉಪಯೋಗಿಸಿದೆ. ಅಲ್ಲಿ ಒಬ್ಬ ತೂಗುತ್ತಿದ್ದ, ನಾನು ಅದನ್ನು ಗಟ್ಟಿಯಾಗಿ ಕೂಗಿಕೊಂಡು ಬರೆಯುತ್ತಿದ್ದೆ. ಆ ಚಾಳಿ ಇನ್ನೂ ಹೋಗಿಲ್ಲ. ಬಾಯಿಂದ ಕೂಗದ ಹೊರತು ನನ್ನ ಕೈಯಿಂದ ಒಂದಕ್ಷರವೂ ಇಳಿಯುವುದಿಲ್ಲ. ಇದನ್ನು ತಾವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಕಂಪ್ಯೂಟರು ನನ್ನದಲ್ಲ. ಅದು ನನ್ನ ಹೆಂಡತಿ ಕಸ್ತೂರೆವ್ವನದು. ಉಪ್ಪಿನಬೆಟಗೇರಿಯ ಶಾಲೆಗೆ ಅವಳು ಮುಖ್ಯಾಧ್ಯಾಪಕಿಯಾದಾಗ, ಮಕ್ಕಳ ಹಾಜರಿಯಿಂದ ಹಿಡಿದು ಬಿಸಿಯೂಟದ ತತ್ತಿಯ ತನಕ ಎಲ್ಲವನ್ನೂ ಆನ್‌ಲೈನ್ ತುಂಬಬೇಕೆಂದು ಇಲಾಖೆಯವರು ಹೇಳಿದ್ದರಿಂದ ತಾನೇ ಹುಬ್ಬಳ್ಳಿಗೆ ಹೋಗಿ, ನಾಲ್ಕು ಅಂಗಡಿ ತಿರುಗಿ, ಬಿಡಿಭಾಗ ಕೂಡಿಸಿ ಮಾಡಿಸಿಕೊಂಡು ಬಂದಳು. ಪಡಸಾಲೆಯಲ್ಲಿ ಇಟ್ಟ ದಿನವೇ ನನಗೆ ಆಜ್ಞೆಯಾಯಿತು: "ಅದಕ್ಕ ಕೈ ಹಚ್ಚಬ್ಯಾಡ್ರಿ. ನಿಮ್ಮ ಕೈಗುಣ ಮಿಕ್ಸರ್ ನೋಡೇತಿ, ಗೀಜರ್ ನೋಡೇತಿ, ಇದೊಂದರ ಉಳೀಲಿ." ಅವಳಿರುವ ತನಕ ನಾನು ಅದರ ಧೂಳು ಒರೆಸಲು ಕೂಡ ಪರವಾನಗಿ ಕೇಳುತ್ತಿದ್ದೆ.

ಅವಳು ಲಿಂಗೈಕ್ಯಳಾಗಿ ಎರಡು ವರ್ಷವಾಯಿತು. ಅಂದಿನಿಂದ ಬೆಳಿಗ್ಗೆ ಚಹಾ ಹಿಡಿದುಕೊಂಡು ಅದರ ಮುಂದೆ ಕೂತು ಗುಂಡಿ ಒತ್ತುವುದು ನನ್ನ ರೂಢಿ. ಗುಂಡಿ ಒತ್ತಿದರೆ ನೀಲಿ ಪರದೆ ಬರುತ್ತಿತ್ತು, ಪರದೆಯ ನಡುವೆ ಅವಳ ಹೆಸರು ಬರುತ್ತಿತ್ತು, ಹೆಸರಿನ ಮೇಲೆ ಸ್ವಾಗತ ಎಂದು ಬರುತ್ತಿತ್ತು. ಗುಪ್ತಪದ ಇರಲಿಲ್ಲ, ಮುಖ್ಯಾಧ್ಯಾಪಕಿಯ ಕಂಪ್ಯೂಟರು ಮುಟ್ಟುವ ಧೈರ್ಯ ಯಾರಿಗೂ ಇಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಸ್ವಾಗತ ಕಸ್ತೂರೆವ್ವ ಎಂದು ಅದು ಹೇಳಿದಾಗ ಅವಳ ಪರವಾಗಿ ನಾನು ಹೂಂ ಎಂದು ಒಳಗೆ ಹೋಗಿ, ಪೇಪರು ಓದಿ, ಇಸ್ಪೀಟು ಆಡಿ, ಸೋತು, ಎದ್ದು ಸ್ನಾನಕ್ಕೆ ಹೋಗುತ್ತಿದ್ದೆ. ಒಬ್ಬ ಮನುಷ್ಯನ ದಿನಕ್ಕೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಾಗುವುದಿಲ್ಲ.

ಇಂಥದರಲ್ಲಿ ಕಳೆದ ದಸರೆಯ ಸುಮಾರಿಗೆ, ಕಿಟಕಿಯ ಹೆಸರು ಇಟ್ಟುಕೊಂಡ ಆ ಹಿಂದಿನ ಕಂಪನಿಯವರು ಪರದೆಯ ಮೇಲೆ ಒಂದು ಸೂಚನೆ ಹಚ್ಚಿದರು. ಇನ್ನು ಮುಂದೆ ಈ ಆವೃತ್ತಿಗೆ ರಕ್ಷಣೆ ಇಲ್ಲ, ಹೊಸ ಆವೃತ್ತಿಗೆ ಈ ಯಂತ್ರ ಯೋಗ್ಯವಲ್ಲ ಎಂಬುದು ಅದರ ಸಾರ. ನಾನು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿ, ಯಂತ್ರವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನವರು ಮುಚ್ಚಳ ಕೂಡ ತೆಗೆಯದೆ, "ಇದನ್ನ ಗುಜರಿಗೆ ಹಾಕ್ರಿ ಅಜ್ಜಾರ, ಹೊಸಾದು ತಗೋರಿ" ಎಂದರು. ಯಂತ್ರ ಹಾಳಾಗಿಲ್ಲ, ಚಾಲೂ ಇದೆ, ಬೆಳಿಗ್ಗೆ ಕೂಡ ಸ್ವಾಗತ ಹೇಳಿದೆ ಎಂದು ನಾನು ವಾದಿಸಿದೆ. ಸ್ವಾಗತ ಯಾರಿಗೆ ಹೇಳಿತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮತ್ತೆ ಅದೇ ಬಸ್ಸಿನಲ್ಲಿ, ಅದೇ ತೊಡೆಯ ಮೇಲೆ ವಾಪಸು ತಂದೆ.

ತಮ್ಮ ಹೆಸರು ಕೇಳಿದ್ದು ಆಗ. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿರುವ ಪೂನಮ್ ಎಂಬಾಕೆ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ನನ್ನನ್ನು ಕಾಕಾ ಎನ್ನುತ್ತಾಳೆ, ಕಸ್ತೂರೆವ್ವನಿಂದ ಹೋಳಿಗೆಯ ಹೂರಣ ಹದ ಮಾಡುವುದನ್ನು ಕಲಿತು ಇನ್ನೂ ಸರಿಯಾಗಿ ಮಾಡಲು ಬಾರದವಳು. ಅವಳು ಹೇಳಿದಳು, ಆ ಕಿಟಕಿ ತೆಗೆದು ಲಿನಕ್ಸ್ ಹಾಕಿದರೆ ಹಳೆಯ ಯಂತ್ರವೂ ಹರೆಯದವರ ಹಾಗೆ ಓಡುತ್ತದೆ, ಅದು ಮುಕ್ತ ಮೂಲದ ತಂತ್ರಾಂಶ, ಫ್ರೀ. ಫ್ರೀ ಎಂಬುದು ವಿಶೇಷಣ, ಅಡ್ಜೆಕ್ಟಿವ್, ಅದಕ್ಕೆ ಸ್ವತಂತ್ರ ಎಂದೂ ಅರ್ಥ, ಫುಕಟ ಎಂದೂ ಅರ್ಥ. ಇವೆರಡರಲ್ಲಿ ಯಾವುದು ಎಂದು ನಾನು ಕೇಳಿದ್ದಕ್ಕೆ ಎರಡೂ ಎಂದಳು. ಎರಡೂ ಒಟ್ಟಿಗೆ ಸಿಕ್ಕಿದ್ದನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿರಲಿಲ್ಲ, ಮದುವೆಯಲ್ಲಿಯೂ ನೋಡಿರಲಿಲ್ಲ. ಮರುದಿನ ಬೆಳಗಿನ ವಾಕಿಂಗಿನಲ್ಲಿ ನನ್ನ ಜೊತೆಗಾರ ಹುಲಗೇಶನಿಗೆ, ನಾನು ಮುಕ್ತ ಮೂಲಕ್ಕೆ ಹೋಗುವವನಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದೆ. ಅವನು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿ, "ಮೂಲಾ ಎಷ್ಟ ದಿನದಿಂದ ಐತ್ರಿ ಮೆಣಸಿನಕಾಯಿಯವರ? ಮೊದಲ ಖಾರ ಬಿಡ್ರಿ. ಹೆಸರಿನ್ಯಾಗ ಇರೂದು ಬ್ಯಾರೆ, ತಾಟಿನ್ಯಾಗ ಇರೂದು ಬ್ಯಾರೆ" ಎಂದು, ತನ್ನ ಮಾವನನ್ನು ಗುಣಪಡಿಸಿದ ವೈದ್ಯರ ವಿಳಾಸ ಕೊಟ್ಟ. ತಮ್ಮ ಸಂಸ್ಥಾನದ ಕನ್ನಡ ಹೆಸರನ್ನು ಆರಿಸಿದವರು ಮೂಲವ್ಯಾಧಿಯನ್ನು ಕೊಂಚ ಗಮನದಲ್ಲಿ ಇಟ್ಟುಕೊಳ್ಳಬಹುದಿತ್ತೆಂದು ವಿನಯಪೂರ್ವಕ ಸೂಚಿಸುತ್ತೇನೆ. ಆ ವಿಳಾಸ ನನ್ನಲ್ಲಿದೆ, ತಮಗೆ ಬೇಕಾದರೆ ಕಳಿಸುತ್ತೇನೆ; ಅಷ್ಟು ಹೊತ್ತು ಮಂಜುಗಡ್ಡೆಯ ಮೇಲೆ ಕೂರುವವರಿಗೆ ಬೇಕಾಗಬಹುದು.

ಇನ್ನು ಆಯ್ಕೆಯ ಸಂಗತಿ. ಲಿನಕ್ಸ್ ಎಂದರೆ ಒಂದೇ ಇರುತ್ತದೆ ಎಂದುಕೊಂಡಿದ್ದೆ. ಪೂನಮ್ ತೋರಿಸಿದ ಪಟ್ಟಿ ನೋಡಿದರೆ ಮತದಾರರ ಯಾದಿಯೇ ಸಣ್ಣದು. ತಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರಿಗೆ ಒಂದು ಗುಂಡಿಯ ಬಣ್ಣದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಸಾಕು, ಮರುದಿನ ಬೇರೆ ಒಲೆ ಹೂಡಿ ಹೊಸ ಲಿನಕ್ಸ್ ಮಾಡುತ್ತಾರೆಂದು ತಿಳಿದು ಬಹಳ ಸಂತೋಷವಾಯಿತು, ನಮ್ಮ ಕಡೆಯವರೇ ಇರಬೇಕು ಎನಿಸಿತು. ಒಂದಕ್ಕೆ ಆಫ್ರಿಕಾದ ಶಬ್ದ, ಒಂದಕ್ಕೆ ಟೋಪಿಯ ಹೆಸರು, ಇನ್ನೊಂದಕ್ಕೆ ಪುದೀನಾ. ಪ್ರತಿಯೊಂದರ ಮುಂದೆಯೂ ಹೊಸಬರಿಗೆ ಸುಲಭ ಎಂದು ಬರೆದಿತ್ತು, ಮತ್ತು ಪ್ರತಿಯೊಂದರ ಕೆಳಗೂ ಹಳಬರು ಸೇರಿ ಹೊಸಬರಿಗೆ ಯಾವುದು ಸುಲಭವೆಂದು ಬೈದಾಡುತ್ತಿದ್ದರು. ನಾನು ಒಂದೊಂದರ ಚಿತ್ರ ನೋಡಿ, ಇದರ ಬಣ್ಣ ಗಾಢ, ಇದರ ಅಕ್ಷರ ಸಣ್ಣ, ಇದು ಬಹಳ ಮಾತಾಡುವ ಹಾಗೆ ಕಾಣುತ್ತದೆ ಎಂದು ತೆಗೆಯುತ್ತ ಹೋದೆ. ಕೊನೆಗೆ ಪೂನಮ್ ಬೇಸತ್ತು, "ಕಾಕಾ, ಹೆಣ್ಣು ನೋಡಾಕ ಹ್ವಾದವರಂಗ ಮಾಡಬ್ಯಾಡ್ರಿ. ಪುದೀನಾ ಛಲೋ ಐತಿ, ನಿಮ್ಮ ಹಳೇ ಪರದಿ ಹಂಗ ಕಾಣ್ತೈತಿ, ಅದನ್ನ ಹಾಕಿ ಬಿಡೂಣು" ಎಂದಳು. ಪುದೀನಾ ಇರಲಿ ಎಂದೆ. ಅದರಲ್ಲಿ ಮತ್ತೆ ಮೂರು ಬಗೆ, ನಮಗೆ ದಾಲ್ಚಿನ್ನಿ ಸಾಕು ಎಂದಳು. ಪುದೀನಾಕ್ಕೆ ದಾಲ್ಚಿನ್ನಿ ಹಾಕಿದರೆ ಪಲಾವು ಆಗುತ್ತದೆಯೇ ಹೊರತು ಕಂಪ್ಯೂಟರು ಹೇಗೆ ಆಗುತ್ತದೆಂದು ಕೇಳುವ ಧೈರ್ಯ ಅಷ್ಟು ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಇಲ್ಲಿ ತಮ್ಮನ್ನು ಹೊಗಳುವುದು ನನ್ನ ಕರ್ತವ್ಯ. ಹಾಕಿಕೊಳ್ಳುವ ಮೊದಲೇ ಒಂದು ಪೆನ್ ಡ್ರೈವಿನಿಂದ ತಮ್ಮನ್ನು ಓಡಿಸಿ ನೋಡಬಹುದು, ಮನಸ್ಸಿಗೆ ಬಾರದಿದ್ದರೆ ಕಿತ್ತಿಟ್ಟರೆ ಆಯಿತು, ಹಳೆಯದಕ್ಕೆ ಏನೂ ಆಗುವುದಿಲ್ಲ. ಇದು ನಮ್ಮ ಅಮರಗೋಳದ ರೀತಿ. ಚೀಲಕ್ಕೆ ಕೊಳವೆ ಚುಚ್ಚಿ, ಹಿಡಿ ಶೇಂಗಾ ತೆಗೆದು, ಒಡೆದು ಬಾಯಿಗೆ ಹಾಕಿಕೊಂಡು, ಮುಖ ಸಿಂಡರಿಸಿ ಮುಂದೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ನಾನು ವಾರವಿಡೀ ತಮ್ಮನ್ನು ಹೀಗೆ ಒಡೆದು ಬಾಯಿಗೆ ಹಾಕಿಕೊಂಡೆ. ತಾವು ಗಟ್ಟಿ ಕಾಳೆಂದು ಖಾತ್ರಿಯಾಯಿತು. ತಮ್ಮ ಒಳಗಿನ ತಿರುಳಿಗೆ ಕರ್ನಲ್, ಅಂದರೆ ಕಾಳು, ಎಂದೇ ಹೆಸರು ಎಂದು ಪೂನಮ್ ಹೇಳಿದಾಗಲಂತೂ, ನಾನು ಜೀವಮಾನವೆಲ್ಲ ಇದೇ ದಂಧೆಯಲ್ಲಿದ್ದೆನಲ್ಲ ಎಂದು ಎದೆ ಉಬ್ಬಿತು.

ಆದರೆ ಮಾನ್ಯರೇ, ಹಾಕಿಕೊಳ್ಳುವ ದಿನ ಬಂತು. ಪೂನಮ್ ಕಸ್ತೂರೆವ್ವನ ಫೋಟೋಗಳನ್ನೂ ಶಾಲೆಯ ಕಾಗದಗಳನ್ನೂ ಇನ್ನೊಂದು ಪೆನ್ ಡ್ರೈವಿಗೆ ತೆಗೆದಿಟ್ಟು, ಪರದೆ ಕೇಳಿದ್ದಕ್ಕೆ ಹೂಂ ಅನ್ನುತ್ತ ಹೋಗಿ ಎಂದು ಹೇಳಿ ಕಾಲೇಜಿಗೆ ಹೋದಳು. ತಾವು ಮೊದಲು ಭಾಷೆ ಕೇಳಿದಿರಿ. ಯಾದಿಯಲ್ಲಿ ಕನ್ನಡ ಕಂಡು ನಾನು ಅಭಿಮಾನದಿಂದ ಅದನ್ನೇ ಒತ್ತಿದೆ. ಅಲ್ಲಿಂದ ಮುಂದೆ ತಾವು ಆಡಿದ ಕನ್ನಡ ಯಾವ ಊರಿನದೆಂದು ಇನ್ನೂ ತಿಳಿದಿಲ್ಲ. ಕಂಪ್ಯೂಟರಿಗೆ ಗಣಕ, ಫೈಲಿಗೆ ಕಡತ. ಧಾರವಾಡದಲ್ಲಿ ಗಣಕ ಎಂದು ಕರೆದರೆ ಓಗೊಡುವ ಒಂದು ಕಂಪ್ಯೂಟರೂ ಇಲ್ಲ. ಆಮೇಲೆ ಡಿಸ್ಕಿನ ವಿಭಜನೆ ಹೇಗೆ ಎಂದು ಕೇಳಿದಿರಿ. ವಿಭಜನೆ ಎಂದರೆ ನಮ್ಮಲ್ಲಿ ವಾಟ್ನಿ. ಹೊಲ ಮನೆ ಪಾಲಾಗುವಾಗ ಆಡುವ ಶಬ್ದ ಅದು; ಅದಕ್ಕೆ ನಾಲ್ಕು ಮಂದಿ ಹಿರಿಯರು ಬೇಕು, ಎಲೆ ಅಡಿಕೆ ಬೇಕು, ಸಿಟ್ಟಾಗಿ ಎದ್ದು ಹೋಗಲು ಒಬ್ಬ ಸೋದರಮಾವ ಬೇಕು. ಒಂದು ಪಾಲಿನಲ್ಲಿ ಹಳೆಯದು, ಒಂದು ಪಾಲಿನಲ್ಲಿ ತಾವು ಇರಬಹುದಿತ್ತು, ಆಗ ಅವಳ ಸ್ವಾಗತವೂ ಉಳಿಯುತ್ತಿತ್ತು. ಆದರೆ ಡಿಸ್ಕು ಸಣ್ಣದು, ಇಬ್ಬರಿಗೆ ಸಾಲುವುದಿಲ್ಲವೆಂದು ಪೂನಮ್ ಮೊದಲೇ ಹೇಳಿದ್ದಳು. ಆದ್ದರಿಂದ ನಾನು ಇನ್ನೊಂದು ಆಯ್ಕೆ ನೋಡಿದೆ. ಅಲ್ಲಿ ಬರೆದಿತ್ತು: ಡಿಸ್ಕನ್ನು ಅಳಿಸಿ.

ಸಾಹೇಬರೇ, ನಮ್ಮ ಕಡೆ ಪಾಟಿಯ ಮೇಲೆ ಬರೆದದ್ದನ್ನು ನಾವು ಒರೆಸುತ್ತೇವೆ. ಅಳಿಸುವುದು ಕೂಸುಗಳನ್ನು, ಹೊಸ ಸೊಸೆಯಂದಿರನ್ನು, ಮದುವೆಯಲ್ಲಿ ಬೀಗರನ್ನು. ಆ ಶಬ್ದ ನೋಡುತ್ತ ನಾನು ಎಷ್ಟು ಹೊತ್ತು ಕೂತೆನೋ, ಚಹಾ ಕೆನೆಗಟ್ಟಿತು. ಆಮೇಲೆ ಪೂನಮ್‌ಗೆ ಫೋನು ಮಾಡಿ, ಅಳಿಸಲೋ ಬೇಡವೋ ಎಂದು ಇದು ಕೇಳುತ್ತಿದೆ ಎಂದೆ. ಅವಳ ಹಿಂದೆ ಕಾಲೇಜಿನ ಗದ್ದಲ. "ಅಳಸ್ರಿ ಕಾಕಾ, ಹಿಂದ ಮುಂದ ನೋಡಬ್ಯಾಡ್ರಿ, ನಾ ಎಲ್ಲಾ ತಗದಿಟ್ಟೇನಿ" ಎಂದಳು. "ಅತ್ತ ಮ್ಯಾಲೆ ಸಮಾಧಾನ ಯಾರು ಮಾಡೋರು?" ಎಂದೆ. ಅವಳು ಗದ್ದಲ ಬಿಟ್ಟು ಆಚೆ ಬಂದದ್ದು ಕೇಳಿಸಿತು. ಆಮೇಲೆ, "ಕಾಕಾ, ಅಲ್ಲಿ ಅಳಸೂದಂದ್ರ ಒರಸೂದ್ರಿ" ಎಂದಳು. ಎರಡಕ್ಕೂ ತಾವು ಒಂದೇ ಗುಂಡಿ ಇಟ್ಟಿದ್ದೀರಿ. ಕಸ್ತೂರೆವ್ವನ ಫೋಟೋ ಬೇರೆ ಕಡೆ ಸುರಕ್ಷಿತವಾಗಿದ್ದವು, ನಿಜ. ಆದರೆ ಬೆಳಿಗ್ಗೆ ಬರುವ ಆ ಹೆಸರು, ಆ ಸ್ವಾಗತ, ಅದು ಯಾವ ಪೆನ್ ಡ್ರೈವಿಗೂ ಬರುವ ಸಾಮಾನಲ್ಲ. ಒತ್ತಿದೆ. ಡಿಸ್ಕು ಅತ್ತಿತೋ ಇಲ್ಲವೋ ತಿಳಿಯದು, ಒಳಗಿನ ಫ್ಯಾನು ಮಾತ್ರ ಗುರ್ ಎಂದು ಮೂಗೇರಿಸಿತು. ನಾನು ಎದ್ದು ಹೋಗಿ ಚಹಾ ಬಿಸಿ ಮಾಡಿಕೊಂಡೆ.

ತಿರುಗಿ ಬಂದು ನೋಡಿದರೆ ಪರದೆಯ ತುಂಬ ತಮ್ಮ ಪ್ರಶ್ನೆ: ನೀವು ಯಾರು?

ನಡುಮಧ್ಯಾಹ್ನ, ಒಬ್ಬನೇ ಇರುವ ಮನುಷ್ಯನಿಗೆ, ಹೊಟ್ಟೆಗೆ ಅನ್ನ ಬೀಳುವ ಮೊದಲು ಕೇಳುವ ಪ್ರಶ್ನೆಯೇ ಇದು? ಶರಣರು ಜೀವಮಾನ ಸವೆಸಿದ ಪ್ರಶ್ನೆಗೆ ತಾವು ಒಂದು ಬೆರಳುದ್ದದ ಖಾಲಿ ಜಾಗ ಕೊಟ್ಟು, ಮುಂದುವರಿಯಿರಿ ಎಂಬ ಗುಂಡಿ ಇಟ್ಟಿದ್ದೀರಿ. ತಮ್ಮ ಆತ್ಮವಿಶ್ವಾಸ ಮೆಚ್ಚತಕ್ಕದ್ದು. ನಾನು ಮೊದಲ ಸಾಲಿನಲ್ಲಿ ರಾಜಶೇಖರ ಎಂದು ಬರೆದೆ, ಅದರಲ್ಲಿ ತಕರಾರಿಲ್ಲ. ಎರಡನೆಯ ಸಾಲಿನಲ್ಲಿ ಗಣಕದ ಹೆಸರು ಎಂದಿತ್ತು, ಮತ್ತು ಅಲ್ಲಿ ತಾವೇ ಮುಂದಾಗಿ ನನ್ನ ಹೆಸರು ತುಂಬಿದ್ದಿರಿ. ಅದು ಶುದ್ಧ ತಪ್ಪು. ಯಂತ್ರ ನನ್ನದಲ್ಲ ಎಂದು ಮೇಲೆಯೇ ತಿಳಿಸಿದ್ದೇನೆ. ತಾವು ತುಂಬಿದ್ದನ್ನು ಒರೆಸಿ, ಇಂಗ್ಲಿಷ್ ಅಕ್ಷರಗಳಲ್ಲಿ, ಯಾರದೋ ಅವರ ಹೆಸರನ್ನೇ ಬರೆದೆ: ಕಸ್ತೂರೆವ್ವ. ಮೂರನೆಯದು ಬಳಕೆದಾರನ ಹೆಸರು. ಮತ್ತೆ ನನ್ನ ಹೆಸರನ್ನೇ ದೊಡ್ಡ ಅಕ್ಷರದಿಂದ ಶುರು ಮಾಡಿ ಬರೆದರೆ, ಸಣ್ಣ ಅಕ್ಷರದಿಂದಲೇ ಶುರುವಾಗಬೇಕು ಎಂದು ತಾವು ಕೆಂಪಾದಿರಿ. ಪ್ರಾಪರ್ ನೌನ್ ಯಾವಾಗಲೂ ಕ್ಯಾಪಿಟಲ್ ಅಕ್ಷರದಿಂದ ಶುರುವಾಗಬೇಕೆಂದು ನಮ್ಮ ಪ್ರಾಧ್ಯಾಪಕರು ಮೇಜು ಗುದ್ದಿ ಕಲಿಸಿದ್ದರು. ನನಗೆ ನೆನಪಿರುವ ನಾಲ್ಕು ನಿಯಮಗಳಲ್ಲಿ ಅದೂ ಒಂದು. ಅದನ್ನು ಮುರಿಯಲು ಮನಸ್ಸಾಗಲಿಲ್ಲ. ಕಾಮನ್ ನೌನ್ ಆದರೆ ಸಣ್ಣ ಅಕ್ಷರಕ್ಕೆ ಅಡ್ಡಿಯಿಲ್ಲ. ಈ ಯಂತ್ರದ ಮಟ್ಟಿಗೆ ನಾನು ಯಾರು ಎಂದು ವಿಚಾರ ಮಾಡಿ, ಆಕಿಗಂಡ ಎಂದು ಬರೆದೆ. ಗಂಡ ಎಂಬುದು ಕಾಮನ್ ನೌನ್, ಓಣಿಗೆ ಹತ್ತು ಸಿಗುತ್ತಾರೆ. ತಾವು ಮರುಮಾತಾಡದೆ ಒಪ್ಪಿಕೊಂಡಿರಿ.

ನಾಲ್ಕನೆಯದು ಗುಪ್ತಪದ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ, ಇಲ್ಲಿಯ ತನಕದ್ದು ಪೀಠಿಕೆ. ನಾನು ಅಲ್ಲಿಯೂ ಅವಳ ಹೆಸರನ್ನೇ ಒಂದೊಂದೇ ಅಕ್ಷರ ಒತ್ತಿ ಬರೆದೆ. ತಾವು ಅದರ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಬರೆದಿರಿ: ದುರ್ಬಲ.

ಮಾನ್ಯರೇ, ತಾವು ದೂರದವರು, ತಮಗೆ ತಿಳಿಯಲಿಕ್ಕಿಲ್ಲ. ಶಾಲೆಯ ಪೌಳಿಯೊಳಗೆ ಟ್ರ್ಯಾಕ್ಟರ್ ನಿಲ್ಲಿಸಿದ ಊರ ಹಿರಿಯನೊಬ್ಬನಿಂದ, ಅದನ್ನು ಹೊರಗೆ ತೆಗೆಸಿದ್ದಲ್ಲದೆ ಚಕ್ರದ ಗುರುತು ಬಿದ್ದ ಅಂಗಳವನ್ನು ಕೈಗೆ ಕಸಬರಿಗೆ ಕೊಟ್ಟು ಸಮ ಮಾಡಿಸಿದ ಹೆಣ್ಣುಮಗಳ ಹೆಸರು ಅದು. ತಪಾಸಣೆಗೆ ಬಂದ ಅಧಿಕಾರಿಗಳು ಆ ಹೆಸರು ಕೇಳಿ ಬಾಗಿಲಲ್ಲಿಯೇ ಚಪ್ಪಲಿ ಬಿಡುತ್ತಿದ್ದರು. ಮೊಣಕಾಲು ಬಾತಾಗಲೂ ಅಮ್ಮಿನಬಾವಿಯ ತವರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬರುತ್ತಿದ್ದಳು, ಯಾರಾದರೂ ಜಾಗ ಕೊಟ್ಟರೆ ಅವರಿಗೇ ಪಾಠ ಹೇಳುತ್ತಿದ್ದಳು. ಕೊನೆಯ ದಿನಗಳಲ್ಲಿ ಕೂಡ, ದವಾಖಾನೆಯ ಮಂಚದ ಮೇಲಿಂದ, ನರ್ಸಮ್ಮನ ಬರವಣಿಗೆಯಲ್ಲಿ ಒತ್ತಕ್ಷರ ತಪ್ಪಿದೆಯೆಂದು ತಿದ್ದಿಸಿದಳು. ಇಷ್ಟು ವರ್ಷಗಳಲ್ಲಿ ಅವಳನ್ನು ಹಟಮಾರಿ ಎಂದವರಿದ್ದಾರೆ, ಜೋರು ಎಂದವರಿದ್ದಾರೆ, ಅವರಲ್ಲಿ ಮೊದಲಿಗ ನಾನೇ ಇದ್ದೇನೆ. ದುರ್ಬಲ ಎಂದವರು ಇಡೀ ಧಾರವಾಡ ತಾಲೂಕಿನಲ್ಲಿ ತಾವೊಬ್ಬರೇ. ಹಾರಲು ಬಾರದ ಹಕ್ಕಿಯೊಂದು ಈ ಮಾತು ಆಡುವುದಕ್ಕೆ ಮೊದಲು ಒಂದು ಸಲ ತನ್ನ ರೆಕ್ಕೆಯನ್ನಾದರೂ ನೋಡಿಕೊಳ್ಳಬೇಕಿತ್ತು.

ಸಂಜೆ ಪೂನಮ್ ಬಂದಾಗ ನಾನು ಇನ್ನೂ ಅದೇ ಪುಟದ ಮುಂದೆ ಕೂತಿದ್ದೆ. ಅವಳು ನಕ್ಕು, "ಹೆಸರಿಗಲ್ರಿ ಕಾಕಾ ಅದು ಅಂದದ್ದು. ಬರೇ ಹೆಸರು ಸಾಲೂದಿಲ್ಲ, ಉದ್ದ ಬೇಕು, ಯಾರಿಗೂ ಗೊತ್ತಿಲ್ಲದ್ದು ಬೇಕು. ಹೆಸರಿನ ಹಿಂದ ಮುಂದ ಏನರ ಸೇರಸ್ರಿ" ಎಂದಳು. ಆಗ ನನಗೆ ಹೊಳೆಯಿತು, ತಾವು ಕೇಳುತ್ತಿರುವುದು ಒಡಪು.

ಒಡಪು ಎಂದರೆ ಏನೆಂದು ತಮಗೆ ಹೇಳಬೇಕು. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಹೀಗೆ ಕಾಗದದ ಮೇಲೆ ಬರೆಯಬಹುದು. ಬಾಯಿಂದ ಹೇಳಲು ನಾಲಿಗೆ ಏಳುವುದಿಲ್ಲ. ಆದರೆ ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದ ಹೊರತು ಒಳಗೆ ಬಿಡುವುದಿಲ್ಲ. ಬರಿ ಹೆಸರು ಹೇಳಿದರೆ ಒಪ್ಪುವುದಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಹುದುಗಿಸಿ ಹೇಳಬೇಕು. ಅಂದು ನಮ್ಮ ಅಕ್ಕಂದಿರು ಬಾಗಿಲು ಹಿಡಿದರು. ಕಾಲೇಜು ಕಲಿತ ಮದುಮಗ ಮಾತುಮಾತಿಗೆ ಇಂಗ್ಲಿಷ್ ಉದುರಿಸುವುದನ್ನು ಎರಡು ದಿನದಿಂದ ಕೇಳಿದ್ದ ಕಸ್ತೂರೆವ್ವ, ತಲೆ ತಗ್ಗಿಸಿಕೊಂಡೇ ಹೇಳಿದಳು:

"ಅಮ್ಮಿನಬಾವಿ ಹೊಲದಾಗ ಹತ್ತಿ ಅರಳೇತಿ ಬೆಳ್ಳಗ,
ರಾಜಶೇಖರ ಅವರ ಇಂಗ್ಲಿಷ್ ಇರಲಿ ಬಾಗಲಾ ಹೊರಗ."

ಇಡೀ ಓಣಿ ನಕ್ಕಿತು. ನನ್ನ ಸರದಿ ಬಂತು. 'ಹರ್ ನೇಮ್ ಈಸ್ ಕಸ್ತೂರೆವ್ವ' ಎಂದೆ. ಅಷ್ಟೇ ಬಂದದ್ದು. "ಇದು ನಡೆಯೂದಿಲ್ಲಪಾ, ಇದು ಸಾಲ್ಯಾಗಿಂದು" ಎಂದು ಅಕ್ಕಂದಿರು ಹಟ ಹಿಡಿದರು. ಹಿರಿಯರು ಹೊತ್ತಾಯಿತೆಂದು ಗದರಿಸಿ ಒಳಗೆ ಬಿಡಿಸಿದರು. ಅಂದಿನಿಂದ ನನ್ನ ಯಾವ ಮಾತಿಗೆ ಅವಳಲ್ಲಿ ಉತ್ತರವಿಲ್ಲದಿದ್ದರೂ, "ನಿಮ್ದೊಂದು ಒಡಪ ಬಾಕಿ ಐತಿ, ಮೊದಲ ಅದನ್ನ ಹೇಳ್ರಿ" ಎನ್ನುತ್ತಿದ್ದಳು. ನಾನು ಪೇಪರು ಅಡ್ಡ ಹಿಡಿಯುತ್ತಿದ್ದೆ.

ಆ ಸಂಜೆ ತಮ್ಮ ಬಾಗಿಲ ಮುಂದೆ ಕೂತು ಕಟ್ಟಿದೆ. ಗಣಕ ಎಂಬ ತಮ್ಮ ಶಬ್ದ ಕೊನೆಗೆ ಪ್ರಾಸಕ್ಕಾದರೂ ಬಂತು. ಬಾಯಿಂದ ಕೂಗದೆ ಬರೆಯಲು ಬಾರದವನಾದ್ದರಿಂದ, ಗಟ್ಟಿಯಾಗಿ ಹೇಳುತ್ತಲೇ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದೇ ಒತ್ತಿದೆ:

"ಬಾಗಲಾ ಹೊರಗ ನಿಂತೇನಿ ಬಾ ಅನ್ನೂ ತನಕ,
ಕಸ್ತೂರೆವ್ವನ ಹೆಸರ ಹೇಳಿದ್ರ ತೆರಿತೈತಿ ಗಣಕ."

ನಾನು ಬರೆದದ್ದೆಲ್ಲ ತಮ್ಮ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ, ಅಂಗಳಕ್ಕೆ ಹಾಕಿದ ರಂಗೋಲಿಯ ಹಾಗೆ ಉದ್ದಕ್ಕೆ ಬಿತ್ತು. ಕೆಂಪು ಹೋಯಿತು, ಹಸಿರು ಬಂತು, ಪ್ರಬಲ ಎಂದಿರಿ. ತಕ್ಷಣ, ಖಚಿತಪಡಿಸಲು ಇನ್ನೊಮ್ಮೆ ನಮೂದಿಸಿ ಎಂದಿರಿ. ನಮ್ಮ ಅಕ್ಕಂದಿರೂ ಹೀಗೆಯೇ, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದು ಎಲ್ಲರಿಂದಲೂ ಎರಡು ಸಲ ಹೇಳಿಸುತ್ತಿದ್ದರು; ತಮಗೆ ಯಾರು ಕಲಿಸಿದರೋ. ಇನ್ನೊಮ್ಮೆ ಹೇಳಿದೆ. ಹಿಂದೆ ನಿಂತಿದ್ದ ಪೂನಮ್, "ಕಾಕಾ, ಪ್ರಬಲ ಖರೇ, ಆದ್ರ ಗುಪ್ತ ಎಲ್ಲಿ ಉಳೀತ್ರಿ, ಎದುರುಮನಿ ಕುಕ್ಕರ್ ಸೈತ ಸುಮ್ಮನಾಗೇತಿ" ಎಂದಳು.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು. ದುರ್ಬಲ ಎಂಬ ಮಾತನ್ನು ತಾವು ಕೆಂಪು ಅಕ್ಷರದಲ್ಲಿ ಆಡಿದ ಹಾಗೆಯೇ ಹಸಿರು ಅಕ್ಷರದಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕು, ಸಾಧ್ಯವಾದರೆ ಉಪ್ಪಿನಬೆಟಗೇರಿ ಶಾಲೆಯ ಪೌಳಿಯಲ್ಲಿ ನಿಂತು ತೆಗೆದುಕೊಳ್ಳಬೇಕು. ಅಳಿಸು ಎಂಬ ಗುಂಡಿಯ ಪಕ್ಕದಲ್ಲಿ ಸಮಾಧಾನ ಮಾಡು ಎಂಬ ಇನ್ನೊಂದು ಗುಂಡಿ ಇರಬೇಕು. ನೀವು ಯಾರು ಎಂದು ಕೇಳುವ ಮೊದಲು ಆರಾಮ ಇದ್ದೀರಾ, ಊಟ ಆಯಿತೇ ಎಂದು ಕೇಳುವುದು ಮರ್ಯಾದೆ. ವಾಟ್ನಿಯ ಪುಟದಲ್ಲಿ ಸಿಟ್ಟಾಗಿ ಎದ್ದು ಹೋಗುವ ಸೋದರಮಾವನ ಚಿತ್ರವನ್ನಾದರೂ ಹಾಕಬೇಕು. ಇವು ಆಗುವ ತನಕ ನಾನು ತಮಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಆದಮೇಲೂ ಕೊಡುವುದಿಲ್ಲ, ಯಾಕೆಂದರೆ ತಾವು ಕೇಳಿಯೇ ಇಲ್ಲ.

ಇನ್ನೊಂದು ಸಂಗತಿ ತಿಳಿಸದಿದ್ದರೆ ಪತ್ರಕ್ಕೆ ನ್ಯಾಯವಾಗುವುದಿಲ್ಲ. ಯಂತ್ರ ಈಗ ಹರೆಯದ ಹೋರಿಯ ಹಾಗೆ ಓಡುತ್ತದೆ. ಬೇವಿನ ಗಿಡದ ಕೆಳಗೆ ಸಾಲಾಗಿ ಕೂತ ಅವಳ ಶಾಲೆಯ ಮಕ್ಕಳನ್ನು ಪೂನಮ್ ಪರದೆಗೆ ತಿರುಗಿ ತಂದಿದ್ದಾಳೆ. ಆದರೆ ಸ್ವಾಗತದ ಪುಟದಲ್ಲಿ ಈಗ ಬರುವುದು ನನ್ನ ಹೆಸರು, ಅದನ್ನು ನೋಡಿ ಎರಡು ದಿನ ಚಹಾ ರುಚಿಸಲಿಲ್ಲ. ಮೂರನೆಯ ದಿನ ಇಸ್ಪೀಟು ಹುಡುಕುತ್ತ ಏನೋ ಒತ್ತಿದೆ, ಕಪ್ಪು ಕಿಟಕಿಯೊಂದು ತೆರೆಯಿತು. ಹಾಳು ಮಾಡಿದೆನೆಂದು ಕೈ ಹಿಂದಕ್ಕೆ ತೆಗೆದೆ. ಅದರಲ್ಲಿ ಒಂದೇ ಸಾಲು: ಆಕಿಗಂಡ, ಆಮೇಲೆ ಸುರುಳಿ ಸುತ್ತಿದ ಆ ಅಟ್ ಎಂಬ ಗುರುತು, ಆಮೇಲೆ ಕಸ್ತೂರೆವ್ವ. ಆಕಿಗಂಡ ಅಟ್ ಕಸ್ತೂರೆವ್ವ. ಇದು ಟರ್ಮಿನಲ್, ಯಾವ ಯಂತ್ರದಲ್ಲಿ ಯಾರು ಕೂತಿದ್ದಾರೆಂದು ಹೀಗೆ ತೋರಿಸುತ್ತದೆ ಎಂದು ಪೂನಮ್ ಹೇಳಿದಳು. ಅಟ್ ಎಂಬುದು ಪ್ರಿಪೊಸಿಷನ್. ದೊಡ್ಡ ಊರಿಗೆ ಇನ್, ಸಣ್ಣ ಜಾಗಕ್ಕೆ ಅಟ್, ಮನುಷ್ಯ ಕಾಯಂ ಇರುವ ಠಿಕಾಣಿಗೆ ಅಟ್ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದರು. ಆ ಇಂಗ್ಲಿಷು ಅಂದು ಬಾಗಿಲ ಹೊರಗೆ ಉಳಿದದ್ದು, ಇಷ್ಟು ವರ್ಷದ ಮೇಲೆ ಒಂದು ಶಬ್ದದ ಮಟ್ಟಿಗೆ ಒಳಗೆ ಬಂತು. ಈಗ ಬೆಳಿಗ್ಗೆ ನಾನು ಮೊದಲು ತೆರೆಯುವುದು ಆ ಕಪ್ಪು ಕಿಟಕಿಯನ್ನೇ. ಅದರಲ್ಲಿ ಮಾಡುವ ಕೆಲಸ ನನಗೇನೂ ಗೊತ್ತಿಲ್ಲ. ಸಾಲಿನ ಕೊನೆಗೆ ಒಂದು ಗೆರೆ ಮಿಣುಕುತ್ತ ಕಾಯುತ್ತದೆ, ನಾನು ಚಹಾ ಕುಡಿಯುತ್ತೇನೆ.

ಉತ್ತರದ ದಾರಿ ಕಾಯುತ್ತ, ತಮ್ಮ ಕಾಲ ಮೇಲಿನ ಮೊಟ್ಟೆ ಸುಖವಾಗಿ ಒಡೆದು ಮರಿಯಾಗಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ರಾಜಶೇಖರ ಚ. ಮೆಣಸಿನಕಾಯಿ
(ತಮ್ಮ ದಫ್ತರಿನಲ್ಲಿ: ಆಕಿಗಂಡ)

ತಾ.ಕ.: ಅದೇ ಸಾಲಿನ ತುದಿಗೆ, ಕಸ್ತೂರೆವ್ವನ ಹೆಸರಾದ ಮೇಲೆ, ಒಂದು ಡಾಲರ್ ಚಿಹ್ನೆ ಇದೆ. ಫುಕಟ ಎಂದು ಕರೆತಂದು ಕೊನೆಗೆ ಡಾಲರ್ ತೋರಿಸುವುದು ದೊಡ್ಡವರ ಲಕ್ಷಣವಲ್ಲ. ಗುಪ್ತಪದವನ್ನು ಬಹಿರಂಗ ಪತ್ರದಲ್ಲಿ ಬರೆದುಬಿಟ್ಟಿರಲ್ಲ, ಲಗೂ ಬದಲಿಸಿ ಎಂದು ಪೂನಮ್ ಬೈಯುತ್ತಿದ್ದಾಳೆ. ಬದಲಿಸುವುದಿಲ್ಲ. ಕಳ್ಳನೇ ಬರಲಿ, ಅವಳ ಹೆಸರು ಹೇಳಿಯೇ ಒಳಗೆ ಬರಬೇಕಾಗುತ್ತದೆ. ಇನ್ನು ನಾನು ಒಲೆಯ ಕಡೆ ಹೋಗಿ ಬರುವಷ್ಟರಲ್ಲಿ ತಾವು ಪರದೆಯ ಬಾಗಿಲು ಹಾಕಿಕೊಂಡು, ತಿರುಗಿ ಮೊದಲಿನಿಂದ ಒಡಪು ಕೇಳುತ್ತೀರಿ. ಬದುಕಿದ್ದಾಗ ಒಂದೇ ಸಲ, ಅದೂ ಇಂಗ್ಲಿಷಿನಲ್ಲಿ ಹೇಳಿದ ಹೆಸರನ್ನು ಈಗ ಚಹಾಕ್ಕೊಮ್ಮೆ ಗಟ್ಟಿಯಾಗಿ ಹೇಳಬೇಕಾಗಿದೆ. ಇದನ್ನು ನಿಲ್ಲಿಸುವ ಗುಂಡಿ ಎಲ್ಲೋ ಇದೆಯಂತೆ. ಅದು ಎಲ್ಲಿದೆಯೆಂದು ದಯವಿಟ್ಟು ನನಗೆ ತಿಳಿಸಬೇಡಿ.